ವಿಚ್ಛೇದನದ ಅರ್ಜಿಯಲ್ಲಿ ಅಜ್ಜಿ

ನಾನು ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಶಾಲೆಯ ಮಕ್ಕಳ ಕಿವಿ ಹಿಂಡಿ ಹಿಂಡಿ ನಿವೃತ್ತನಾದ ಮೇಲೆ, ಮನೆಯಲ್ಲಿ ಕೂರಲಾರದೆ, ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ತಾಲ್ಲೂಕು ಕಚೇರಿ ಎದುರು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡವನು. ಜನ ಕನ್ನಡದಲ್ಲಿ ಹೇಳಿದ್ದನ್ನು ತಮಿಳಿನಲ್ಲಿ ಅರ್ಜಿ ಮಾಡಿಕೊಡುವುದು ನನ್ನ ಕೆಲಸ. ಜಮೀನಿನ ಪಟ್ಟಾ, ಜಾತಿ ಪತ್ರ, ರೇಷನ್ ಕಾರ್ಡುಗಳ ನಡುವೆ ವಿಚ್ಛೇದನದ ಪ್ರಶ್ನೆಗಳೂ ನನ್ನ ಮೇಜಿಗೆ ಬರತೊಡಗಿದವು. ವಕೀಲರ ಮುಂದೆ ನಾಚಿಕೆಯಾಗುವುದನ್ನು ಮೇಷ್ಟ್ರ ಮುಂದೆ ಕೇಳಬಹುದು ಅನ್ನಿಸುತ್ತಿತ್ತೋ ಏನೋ. ಈಗ ಆ ಮೇಜಿಲ್ಲ, ಎಲ್ಲರೂ ಫೋನನ್ನೇ ಕೇಳಿಕೊಳ್ಳುತ್ತಾರೆ. ನನಗಂತೂ ಆ ದಿನಗಳನ್ನು ನೆನೆದರೆ ಬೇಜಾರಾಗುತ್ತದೆ.

ಎಂತೆಂಥ ಪ್ರಶ್ನೆಗಳು! ಊರ ಯಜಮಾನರು ಕೂತು ಬಿಡಿಸಿದರೆ ಸಾಲದೇ, ಕೋರ್ಟೇ ಬೇಕೇ? ಒಬ್ಬರು ಒಲ್ಲೆನೆಂದರೆ ಏನು ಗತಿ? ಮಗು ಯಾರ ಹತ್ತಿರ? ತಾಳಿ ಯಾವತ್ತು ತೆಗೆಯಬೇಕು, ಅರ್ಜಿ ಹಾಕಿದ ದಿನವೋ ತೀರ್ಪಾದ ದಿನವೋ? ಕೊನೆಯದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಉಳಿದವನ್ನು ಸತ್ಯಮಂಗಲದ ವಕೀಲರೊಬ್ಬರಿಗೆ ಫೋನು ಮಾಡಿ ಕೇಳಿ, ನನಗೆ ಮೊದಲೇ ಗೊತ್ತಿದ್ದವನಂತೆ ಗಂಭೀರವಾಗಿ ಹೇಳುತ್ತಿದ್ದೆ. ಇಬ್ಬರೂ ಒಪ್ಪಿದರೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆಯೂ ಜಂಬದಿಂದ ಹೇಳಿದೆ. "ನಿಮ್ಮ ಅಕ್ಷರದಲ್ಲಿ ಬರೆದುಕೊಟ್ಟರೆ ಓದೋಕೇ ಆರು ತಿಂಗಳು ಬೇಕು, ಅದಕ್ಕೇ ಇರಬೇಕು" ಎಂದು ಅವಳು ಸಾರು ಬಡಿಸಿದಳು.

ನನ್ನ ಮೇಜಿನ ಮುಂದಿನ ಬೆಂಚಿನ ಮೇಲೆ ಕೂತವರಲ್ಲಿ ನನಗೆ ಮರೆಯಲಾಗದವಳು ಪಣಕಹಳ್ಳಿಯ ಭಾಗ್ಯ. ನನ್ನ ಶಿಷ್ಯೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಳು. ಸಾಕಿದ್ದು ತಾಯಿಯ ತಾಯಿ ಸಿದ್ದಮ್ಮ. ದಿನಾ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು ಸೋದರಮಾವ ಮಾದೇಶ. ಚಳಿಗಾಲದಲ್ಲಿ ಅವನ ಟವೆಲ್ಲು ಅವಳ ತಲೆಗೆ ಸುತ್ತಿರುತ್ತಿತ್ತು. ಹುಡುಗಿ ಬೆಳೆದಳು. ಮನೆಯ ಮಗಳು ಮನೆಯಲ್ಲೇ ಇರಲಿ ಎಂದು ಅಜ್ಜಿ ಅವನಿಗೇ ಕೊಟ್ಟು ಮದುವೆ ಮಾಡಿದಳು. ನಮ್ಮ ಕಡೆ ಇದು ಹೊಸದೇನಲ್ಲ, ನಾನೇ ಹೋಗಿ ಉಂಡು ಬಂದಿದ್ದೇನೆ. ಜಗಳವೇನೂ ಆಗಲಿಲ್ಲ. ಆದರೆ ಸೈಕಲ್ಲಿನಲ್ಲಿ ಹೊತ್ತ ಮಾವನನ್ನು ಗಂಡ ಅಂದುಕೊಳ್ಳಲು ಅವಳಿಂದಾಗಲಿಲ್ಲ, ಆ ಪುಟ್ಟ ಹುಡುಗಿಯನ್ನು ಹೆಂಡತಿ ಅಂದುಕೊಳ್ಳಲು ಅವನಿಂದಲೂ ಆಗಲಿಲ್ಲ. ಭಾಗ್ಯ ತಾಳವಾಡಿಗೆ ಬಂದು ಹೊಲಿಗೆ ಅಂಗಡಿ ಇಟ್ಟಳು. ಒಂದೂವರೆ ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನನ್ನ ಮೇಜಿಗೆ ಬಂದರು.

ವಕೀಲರು ಕಳಿಸಿದ್ದ ತಮಿಳು ಕರಡನ್ನು ಕನ್ನಡದಲ್ಲಿ ಓದಿ ಹೇಳುತ್ತಾ ಹೋದೆ. ಇಬ್ಬರೂ ತಲೆಯಾಡಿಸುತ್ತಿದ್ದರು. ಏಳನೆಯ ಕಲಮಿಗೆ ಬಂದೆ. ಇನ್ನು ಮುಂದೆ ಒಬ್ಬರು ಇನ್ನೊಬ್ಬರ ಮನೆಗೆ ಹೋಗತಕ್ಕದ್ದಲ್ಲ, ಅವರ ಕುಟುಂಬದವರೊಡನೆ ಯಾವ ಸಂಬಂಧವನ್ನೂ ಇಟ್ಟುಕೊಳ್ಳತಕ್ಕದ್ದಲ್ಲ.

"ಅಂದ್ರ ನಾನು ಅಜ್ಜಿ ಮನಗ ಓಗಂಗಿಲ್ವಾ ಮೇಷ್ಟ್ರೇ?" ಎಂದಳು ಭಾಗ್ಯ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕನ್ನಡಕ ಒರೆಸಿಕೊಂಡೆ, ಅದೇನೂ ಮಬ್ಬಾಗಿರಲಿಲ್ಲ.

"ಅಂಗಿದ್ರ ನಾನು ಸೈನ್ ಆಕಲ್ಲ. ಇಂಗೇ ಇದ್ಬುಡ್ತಿನಿ" ಎಂದು ಅವಳು ಎದ್ದೇಬಿಟ್ಟಳು.

ಬೆಂಚಿನ ಆ ತುದಿಯಿಂದ ಮಾದೇಶ ಮೊದಲ ಸಲ ಬಾಯಿಬಿಟ್ಟ. "ಅದ ಒಡ್ದಾಕ್ಬುಡಿ ಮೇಷ್ಟ್ರೇ. ಇವ್ಳು ಬರ್ದೆ ಇದ್ರ ನಮ್ಮವ್ವ ಉಣ್ಣಕಿಲ್ಲ."

ವಕೀಲರಿಗೆ ಫೋನು ಮಾಡಿದೆ. ಅದು ಎಲ್ಲರಿಗೂ ಹಾಕುವ ಮಾಮೂಲಿ ಸಾಲು, ಬೇಡವಾದರೆ ತೆಗೆಯಿರಿ, ಮದುವೆ ಮುರಿದರೆ ಅಜ್ಜಿ ಮೊಮ್ಮಗಳ ಸಂಬಂಧ ಯಾಕೆ ಮುರಿಯುತ್ತೆ ಎಂದು ನಕ್ಕರು. ಅವರಿಗೆ ನಗು. ನಾನು ಪೆನ್ನು ತೆಗೆದೆ. ಪರೀಕ್ಷೆಯ ಹಾಳೆಗಳಲ್ಲಿ ಎಷ್ಟೋ ಸಾಲು ಹೊಡೆದುಹಾಕಿದವನು ನಾನು, ಅಷ್ಟು ಸಂತೋಷದಿಂದ ಯಾವುದನ್ನೂ ಹೊಡೆದುಹಾಕಿರಲಿಲ್ಲ.

ಕೊನೆಯ ವಾಯಿದೆಗೆ ಸತ್ಯಮಂಗಲಕ್ಕೆ ನಾನೂ ಹೋಗಿದ್ದೆ. ಸಿದ್ದಮ್ಮನೂ ಹಟ ಹಿಡಿದು ಬಂದಿದ್ದಳು. ನ್ಯಾಯಾಧೀಶರು ಇಬ್ಬರನ್ನೂ ಒಂದೆರಡು ಮಾತು ಕೇಳಿದರು, ಆಯಿತು. ವಾಪಸು ಬರುವಾಗ ಒಂದೇ ಬಸ್ಸು. ಭಾಗ್ಯ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಳು. ಮಾದೇಶ ನನ್ನ ಜೊತೆ ಹಿಂದೆ ಕೂತು ಘಾಟಿಯ ಪ್ರತಿ ತಿರುವಿನಲ್ಲೂ ಕಿಟಕಿಯಾಚೆಯೇ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

ಹಾಸನೂರಿನಲ್ಲಿ ಕಂಡಕ್ಟರು ತಲೆ ಎಣಿಸಿದ. ಮತ್ತೆ ಎಣಿಸಿದ. ತಾಳವಾಡಿಗೆ ಕೊಟ್ಟ ಟಿಕೆಟ್ ಒಂದು ಹೆಚ್ಚಾಗಿದೆ, ಯಾರು ಇಳಿದುಹೋದರು ಎಂದು ರೇಗಿದ.

ಮಾದೇಶ ಮೆಲ್ಲಗೆ ಎದ್ದು ಮುಂದೆ ಹೋಗಿ ಎರಡು ಟಿಕೆಟ್ ತೋರಿಸಿದ. "ಒಂದು ನಂದು, ಒಂದು ನಮ್ಮವ್ವಂದು."

"ಅಜ್ಜಿದು ನಾನು ಆಗ್ಲೇ ತಕ್ಕಂಡಿವ್ನಿ ಕನ್ ಮಾವಾ" ಎಂದು ಭಾಗ್ಯಳೂ ಎರಡು ತೋರಿಸಿದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಮಾವ ಎಂಬ ಮಾತು ಸಲೀಸಾಗಿ ಬಂದಿತ್ತು.

"ಅಜ್ಜಿ ಯಾರ ಜೊತೆ, ಅದ ಏಳಿ ಮೊದ್ಲು" ಎಂದ ಕಂಡಕ್ಟರು.

ಸಿದ್ದಮ್ಮ ಇಬ್ಬರ ಕೈಯಿಂದಲೂ ಒಂದೊಂದು ಟಿಕೆಟ್ ಕಿತ್ತುಕೊಂಡು ಎಲೆಅಡಿಕೆ ಚೀಲಕ್ಕೆ ತುರುಕಿದಳು.

"ಎರಡ್ರಲ್ಲೂ ಓಯ್ತಿನಿ, ಬುಡಪ್ಪಾ" ಎಂದಳು.