ಗೊತ್ತೇ ಆಗಲಿಲ್ಲ ಎಂಬ ಮಾತು

ದೂರದ ಯಾವುದೋ ದೇಶದಲ್ಲಿ ಒಂದಷ್ಟು ಮಕ್ಕಳು ಮಳೆನೀರು ತುಂಬಿದ ಗುಹೆಯೊಳಗೆ ಸಿಕ್ಕಿಬಿದ್ದಿದ್ದ ಆ ಮಳೆಗಾಲದಲ್ಲಿ, ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ನನ್ನ ಬೆಳಗಿನ ಬಸ್ಸಿನಲ್ಲಿ ಗುಹೆ ತಜ್ಞರಿಗೆ ಬರವಿರಲಿಲ್ಲ. ಬೋರ್‌ವೆಲ್ ಲಾರಿ ತಂದು ಗುಡ್ಡದ ನೆತ್ತಿಯಿಂದ ಕೊರೆಯಬೇಕು ಎಂದು ಮುಂದಿನ ಸೀಟಿನವರು ತೀರ್ಮಾನ ಕೊಟ್ಟರೆ, ಅಷ್ಟೆಲ್ಲ ಬೇಡ, ನಾಲ್ಕು ದೊಡ್ಡ ಪಂಪು ಇಟ್ಟು ನೀರು ಎಳೆದರೆ ಸಾಕು ಎಂದು ಹಿಂದಿನ ಸೀಟಿನವರು ಅದನ್ನು ತಳ್ಳಿಹಾಕುತ್ತಿದ್ದರು. ಅವರ ಸ್ವಂತ ಮನೆಯ ಪಂಪು ಕೆಟ್ಟು ಕೂತು ತಿಂಗಳಾದದ್ದು ಇಡೀ ಬಸ್ಸಿಗೆ ಗೊತ್ತಿತ್ತು. ಕಂಡಕ್ಟರನಂತೂ ಚಿಲ್ಲರೆ ಕೊಡುವುದನ್ನು ಮರೆತು ಮೊಬೈಲಿನಲ್ಲಿ ಗುಹೆಯ ನಕ್ಷೆ ತೋರಿಸುತ್ತಿದ್ದ.

ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ, ಅವರ ಕಳವಳ ನಿಜವಾದದ್ದೇ. ಶುಕ್ರವಾರ ನಮ್ಮ ಮಸೀದಿಯಲ್ಲಿ ಆ ಮಕ್ಕಳಿಗಾಗಿ ದುವಾ ಮಾಡಿದರು, ಪೇಟೆಯ ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಪುತ್ತಿಗೆಯ ಕಡೆ ನಾನು ವಿಜ್ಞಾನ ಕಲಿಸುವ ಶಾಲೆಯಲ್ಲಿ, ಬೆಳಗಿನ ಪ್ರಾರ್ಥನೆಯ ಕೊನೆಗೆ ಎಲ್ಲರೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲುವುದು ಸೇರಿಕೊಂಡಿತು. ಹೆಸರು ಉಚ್ಚರಿಸಲೂ ಬಾರದ ಮಕ್ಕಳಿಗಾಗಿ ನಮ್ಮ ಜನ ಉಸಿರು ಬಿಗಿಹಿಡಿದಿದ್ದರು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು. ಆ ದಿನಗಳಲ್ಲಿ ಯಾರಾದರೂ ಗುಹೆ ಎಂದರೆ ಸಾಕು, ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಅದು ಅಸೂಯೆ, ನೇರವಾಗಿಯೇ ಹೇಳುತ್ತೇನೆ. ನನ್ನ ಅಣ್ಣನಿಗಾಗಿ ಇಷ್ಟು ಜನ ಕಣ್ಣು ಮುಚ್ಚಿ ನಿಂತಿರಲಿಲ್ಲ.

ನಾನು ಹುಟ್ಟಿದ್ದು ಬೆಳ್ತಂಗಡಿ ಕಡೆಯ ಒಂದು ಗುಡ್ಡದ ಬುಡದಲ್ಲಿ. ಅಲ್ಲಿ ಬಾವಿ ತೋಡಿದರೆ ಬಂಡೆ ಸಿಗುತ್ತದೆ, ನೀರು ಸಿಗುವುದಿಲ್ಲ. ಅದಕ್ಕೇ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಸುರಂಗ ಕೊರೆಯುತ್ತಾರೆ. ಮುರಕಲ್ಲು ದಾಟಿ ಒಳಗಿನ ಜೇಡಿಮಣ್ಣು ತಲುಪಿದಾಗ ನೀರು ಒಸರುತ್ತದೆ; ಅದು ಸಣ್ಣ ಕಣಿಯಲ್ಲಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಕಣಿಯಲ್ಲಿ ಮಣ್ಣು ಕಟ್ಟಿದರೆ ಒಳಗೆ ಹೋಗಿ ಬಿಡಿಸುವುದು ಅಣ್ಣನ ಕೆಲಸವಾಗಿತ್ತು. ಸಪೂರ ಮೈಯವರಿಗೆ ಅದು ಸುಲಭ. ಅವನಿಗೆ ಆಗ ಹನ್ನೊಂದೋ ಹನ್ನೆರಡೋ, ನನಗೆ ಆರು. ಆ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ತೊಟ್ಟಿಗೆ ಬೀಳುವ ನೀರು ಇದ್ದಕ್ಕಿದ್ದಂತೆ ನಿಂತಿತು. ಅಣ್ಣ ಮಣ್ಣು ಕೆರೆಯಲು ತೆಂಗಿನ ಗೆರಟೆ ಹಿಡಿದುಕೊಂಡು ಒಳಗೆ ಹೋದ. ಅವನು ಬರುವ ಮೊದಲೇ ಗುಡ್ಡ ಜಾರಿ ಸುರಂಗದ ಬಾಯಿ ಮುಚ್ಚಿಹೋಯಿತು.

ಊರಿನ ಗಂಡಸರೆಲ್ಲ ಓಡಿಬಂದರು, ಊರೆಂದರೆ ಐದಾರು ಮನೆ. ಹಾರೆ, ಪಿಕ್ಕಾಸು ಹಿಡಿದು ಅಗೆದರು. ಅಗೆದಷ್ಟೂ ಮೇಲಿನಿಂದ ಕೆಸರು ಇಳಿಯುತ್ತಿತ್ತು. ಎರಡನೆಯ ಸಲ ಗುಡ್ಡ ಜಾರಿದಾಗ ಅಗೆಯುತ್ತಿದ್ದವರೊಬ್ಬರ ಕಾಲು ಮುರಿಯಿತು. ಇನ್ನೊಬ್ಬನನ್ನು ಗುಡ್ಡಕ್ಕೆ ಕೊಡುವುದು ಬೇಡ ಎಂದು ಹಿರಿಯರು ಕೆಲಸ ನಿಲ್ಲಿಸಿದರು. ಅದು ತಪ್ಪು ಎಂದು ನಾನು ಈಗಲೂ ಹೇಳಲಾರೆ. ಕೆಲವು ದಿನಗಳ ಮೇಲೆ, ಮಳೆ ಸ್ವಲ್ಪ ಹೊಳವಾದಾಗ ಮತ್ತೆ ಅಗೆದರು. ಮೊದಲು ಒಳಗೆ ಹೋದವರು ಬಾಪ, ಅಂದರೆ ನನ್ನ ತಂದೆ. ಅಣ್ಣನನ್ನು ಎತ್ತಿಕೊಂಡು ಹೊರಗೆ ಬಂದವರು ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರಂತೆ: “ಮಣ್ಣು ಮೈಮೇಲೆಯೇ ಬಿದ್ದದ್ದು. ಅವನಿಗೆ ಗೊತ್ತೇ ಆಗಲಿಲ್ಲ.”

ಆ ಒಂದು ಮಾತನ್ನು ಹಿಡಿದುಕೊಂಡು ನಾವು ಬದುಕಿದೆವು. ಮಾತನಾಡಿಸಲು ಬಂದ ನೆಂಟರಿಗೆಲ್ಲ ಬಾಪ ಅದನ್ನೇ ಹೇಳುತ್ತಿದ್ದರು. ಉಮ್ಮ, ನನ್ನ ತಾಯಿ, ಪಕ್ಕದಲ್ಲಿ ಕೂತು ಹೌದೆಂದು ತಲೆ ಆಡಿಸುತ್ತಿದ್ದಳು. ಮುಂದೆ ಜಾಗ ಮಾರಿ ಬಂಟ್ವಾಳಕ್ಕೆ ಬಂದೆವು, ನಾನು ಓದಿದೆ, ನನ್ನ ಮದುವೆಯಾಯಿತು, ಬಾಪ ತೀರಿಕೊಂಡರು. ಕತ್ತಲೆಯ ಕೋಣೆಯಲ್ಲಿ ಒಬ್ಬಳೇ ಇರಲು ನನಗೆ ಇಂದಿಗೂ ಆಗುವುದಿಲ್ಲ. ಎದೆ ಹೊಡೆದುಕೊಳ್ಳಲು ಶುರುವಾದಾಗೆಲ್ಲ ಅದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಣ್ಣನಿಗೆ ಗೊತ್ತೇ ಆಗಲಿಲ್ಲವಲ್ಲ, ನಿನಗೇನು ಹೆದರಿಕೆ ಎಂದು.

ಗಂಡ ಸೌದಿಯಲ್ಲಿರುವುದರಿಂದ ಉಮ್ಮ ನನ್ನ ಜೊತೆಗೇ ಇದ್ದಾಳೆ. ಗುಹೆಯ ಸುದ್ದಿ ಶುರುವಾದಾಗ ಟಿವಿ ಹಾಕುವುದೇ ಬೇಡ ಎಂದುಕೊಂಡಿದ್ದೆ. ಆದರೆ ಸಂಜೆ ಮನೆಗೆ ಬರುವಾಗ ಅವಳು ಆಗಲೇ ಅದರ ಎದುರು ಕೂತಿರುತ್ತಿದ್ದಳು. ಕನ್ನಡ ವಾರ್ತೆ ಅವಳಿಗೆ ಅರ್ಧ ಅರ್ಥವಾಗುವುದಿಲ್ಲ, ಮನೆಯಲ್ಲಿ ನಮ್ಮದು ಬ್ಯಾರಿ ಮಾತು. ಆದರೂ ಗುಹೆಯ ಬಾಯಿ, ಬಗ್ಗಿ ನಡೆಯುವ ಸೈನಿಕರು, ಹೊರಗೆ ಚಾಪೆ ಹಾಸಿ ಕೂತ ತಾಯಂದಿರು ಇವನ್ನೆಲ್ಲ ನೋಡಲು ಭಾಷೆ ಬೇಕಿರಲಿಲ್ಲ. ನಾನು ಚಾನೆಲ್ ಬದಲಾಯಿಸಿದರೆ, ಅಲ್ಲಿಗೇ ಹಾಕು ಎನ್ನುತ್ತಿದ್ದಳು. ಸಿಕ್ಕಿದರಾ ಎಂದು ದಿನಾ ಕೇಳುತ್ತಿದ್ದಳು.

ಒಂದು ವಾರ ಕಳೆದಿರಬೇಕು. ಒಂಬತ್ತನೆಯ ತರಗತಿಯಲ್ಲಿ ಉಸಿರಾಟದ ಪಾಠ ನಡೆಯುತ್ತಿತ್ತು. ಆ ಮಕ್ಕಳು ಇನ್ನೂ ಬದುಕಿರಬಹುದಾ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಪ್ರಶ್ನೆ ಕೇಳಿದರೆ ನನಗೆ ಖುಷಿ, ಲಹರಿಗೆ ಬಂದೆ. ಊಟವಿಲ್ಲದೆ ಮನುಷ್ಯ ಬಹಳ ದಿನ ಇರಬಲ್ಲ. ಕುಡಿಯಲು ಗೋಡೆಯಿಂದ ಒಸರುವ ನೀರು ಉಂಟು. ನೀರು ಏರದ ಎತ್ತರದ ಜಾಗವಿದ್ದರೆ ಅಲ್ಲಿ ಗಾಳಿ ಉಳಿದಿರುತ್ತದೆ. ಅಷ್ಟು ಜನ ಸೇರಿ ಉಸಿರಾಡಿದರೆ ಅದು ಬೇಗ ಕೆಡುತ್ತದೆ, ಒಬ್ಬನೇ ಇದ್ದರೆ ಇನ್ನೂ ಹೆಚ್ಚು ಕಾಲ ಬರುತ್ತದೆ ಎಂದೆ.

ಹಾಗೆ ಹೇಳಿ ನಿಂತುಬಿಟ್ಟೆ. ಮಣ್ಣು ಬಿದ್ದದ್ದು ಸುರಂಗದ ಬಾಯಿಗೆ. ಅಣ್ಣ ಇದ್ದದ್ದು ಕಣಿ ಕಟ್ಟಿದ ಒಳಭಾಗದಲ್ಲಿ. ಇಷ್ಟು ವರ್ಷ ಪಾಠ ಮಾಡಿದ ನನಗೆ ಈ ಎರಡು ಸಂಗತಿ ಒಮ್ಮೆಯೂ ಒಟ್ಟಿಗೆ ಹೊಳೆದಿರಲಿಲ್ಲ. ಉಳಿದ ಪಾಠವನ್ನು ನೀವೇ ಓದಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ ಕುರ್ಚಿಯಲ್ಲಿ ಕೂತೆ.

ಮರುದಿನವೇ ಸುದ್ದಿ ಬಂತು, ಮಕ್ಕಳೆಲ್ಲ ಬದುಕಿದ್ದಾರೆ. ಸಂಜೆಯ ಬಸ್ಸಿನಲ್ಲಿ ಮದುವೆ ದಿಬ್ಬಣದ ಗದ್ದಲ. ಕಂಡಕ್ಟರ್ ತನ್ನ ಖರ್ಚಿನಲ್ಲಿ ಎಲ್ಲರಿಗೂ ಪೆಪ್ಪರಮಿಂಟು ಹಂಚಿದ. ಇಷ್ಟು ದಿನವಾದರೂ ಆ ಕತ್ತಲಲ್ಲಿ ಜೀವ ಹಿಡಿದುಕೊಂಡಿದ್ದವಲ್ಲ ಎಂದು ಜನ ಕಣ್ಣು ಒರೆಸಿಕೊಂಡರು. ನನಗೆ ಮಿಠಾಯಿ ಬಾಯಲ್ಲಿ ಕರಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಉಮ್ಮನಿಗೆ ಇದು ಗೊತ್ತಾಗಬಾರದು. ಅಷ್ಟು ದಿನ ಬದುಕಬಹುದು ಎಂದು ಅವಳಿಗೆ ತಿಳಿದರೆ ಬಾಪನ ಮಾತು ಮುರಿದುಬೀಳುತ್ತದೆ, ಮತ್ತೆ ಈ ವಯಸ್ಸಿನಲ್ಲಿ ಅವಳು ಹಿಡಿದುಕೊಳ್ಳುವುದು ಏನನ್ನು? ಬಸ್ಸಿನಿಂದ ಇಳಿದವಳೇ ಮನೆಗೆ ಓಡಿದೆ. ಅವಳು ಮಗ್ರಿಬ್ ನಮಾಜಿಗೆ ಒಳಗೆ ಹೋದಾಗ ಟಿವಿಯ ಹಿಂದಿನ ವಯರು ಎಳೆದು ಹಾಕಿದೆ. ಮಳೆಗೆ ಕೇಬಲ್ ಹೋಗಿದೆ ಎಂದೆ. ಬಂಟ್ವಾಳದಲ್ಲಿ ಇದನ್ನು ಯಾರೂ ಅನುಮಾನಿಸುವುದಿಲ್ಲ.

ಮರುದಿನ ಹೊಳೆ ಉಕ್ಕಿ ಶಾಲೆಗಳಿಗೆ ರಜೆ ಸಾರಿದರು. ಮಧ್ಯಾಹ್ನ ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಉಮ್ಮ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಆ ವಯರು ಹಾಕು. ಮಕ್ಕಳು ಸಿಕ್ಕಿದ್ದು ನನಗೆ ಗೊತ್ತುಂಟು. ಪಕ್ಕದ ಮನೆಯವಳು ನಿನ್ನೆಯೇ ಹೇಳಿದ್ದಾಳೆ.”

ನಾನು ನಲ್ಲಿ ನಿಲ್ಲಿಸಿದೆ. ಅಣ್ಣನ ಸಂಗತಿ ಬೇರೆ, ಬಾಪ ಹೇಳಿದ್ದರಲ್ಲ, ಮಣ್ಣು ಮೈಮೇಲೆಯೇ ಬಿದ್ದದ್ದೆಂದು ಏನೇನೋ ತಡವರಿಸಿದೆ. ಉಮ್ಮ ನನ್ನನ್ನು ತಡೆಯಲಿಲ್ಲ, ಮುಗಿಯುವವರೆಗೆ ಕೇಳಿದಳು.

“ಮಣ್ಣು ಮಾಡುವ ಮೊದಲು ಅವನ ಮಯ್ಯತ್ತು ಮೀಯಿಸಿದ್ದು ನಾನು,” ಎಂದಳು. “ಮೈಯಲ್ಲಿ ಒಂದು ಗಾಯ ಇರಲಿಲ್ಲ. ಹತ್ತು ಉಗುರಿನೊಳಗೂ ಕೆಂಪು ಮಣ್ಣು ಇತ್ತು, ಎರಡು ಉಗುರು ಇರಲೇ ಇಲ್ಲ. ತೆಂಗಿನ ಕಡ್ಡಿ ತೆಗೊಂಡು ಒಂದೊಂದಾಗಿ ಬಿಡಿಸಿದೆ. ಅವನು ಅಗೆದಿದ್ದಾನೆ. ನಾವು ಆಚೆಯಿಂದ ನಿಲ್ಲಿಸಿದ ಮೇಲೆಯೂ ಅಗೆದಿದ್ದಾನೆ.”

ಚಿಕ್ಕಂದಿನಲ್ಲಿ ಅವಳು ನನ್ನ ಉಗುರುಗಳನ್ನು ರಕ್ತ ಬರುವಷ್ಟು ಬುಡಕ್ಕೇ ಕತ್ತರಿಸುತ್ತಿದ್ದಳು. ಯಾಕೆಂದು ಆಗ ತಿಳಿಯಿತು. ಬಾಪನಿಗೂ ಗೊತ್ತಿತ್ತಾ ಎಂದು ಕೇಳಿದೆ. ಎತ್ತಿಕೊಂಡು ಬಂದವರಿಗೆ ಗೊತ್ತಿಲ್ಲದೆ ಇರುತ್ತದಾ ಎಂದಳು. ಬಾಪ ಅವಳಿಗಾಗಿ ಆ ಮಾತು ಹೇಳಿದ್ದರು, ಅವಳು ಬಾಪನಿಗಾಗಿ ಅದನ್ನು ನಂಬಿದ ಹಾಗೆ ಇದ್ದಳು. ಒಂದೇ ಚಾಪೆಯ ಮೇಲೆ ಮಲಗಿದರೂ, ಬಾಪ ಸಾಯುವವರೆಗೆ ಇಬ್ಬರೂ ಅದನ್ನು ಬಿಡಲಿಲ್ಲ. ಅದನ್ನು ನಿಜವಾಗಿ ನಂಬಿದ್ದವಳು ಇಡೀ ಮನೆಯಲ್ಲಿ ನಾನೊಬ್ಬಳೇ.

ಮತ್ತೆ ಯಾಕೆ ದಿನಾ ಆ ಟಿವಿ ನೋಡಿದೆ ಎಂದು ಕೇಳುವಾಗ ನನ್ನ ದನಿ ಏರಿತ್ತು. ನನಗೆ ದುಃಖವೂ ಸಿಟ್ಟಾಗಿಯೇ ಬರುವುದು.

“ಒಳಗೆ ಹೇಗಿರ್ತದೆ ಅಂತ ಹೇಳ್ಲಿಕ್ಕೆ ನನಗೆ ಯಾರೂ ಸಿಕ್ಕಿರಲಿಲ್ಲ,” ಎಂದಳು. “ಇವರು ಹೊರಗೆ ಬಂದರೆ ಹೇಳಬಹುದಲ್ಲ.” ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ನೀನು ಕಲಿಸುವವಳಲ್ಲವಾ. ಅಂಥ ಜಾಗದಲ್ಲಿ, ಕೊನೆಗಾದರೂ, ನಿದ್ದೆ ಬರ್ತದಾ?”

ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡೆ. “ಬರ್ತದೆ ಉಮ್ಮ. ಗಾಳಿ ಕಡಿಮೆಯಾದ ಹಾಗೆ ನಿದ್ದೆ ಬರ್ತದೆ. ಅದು ಪಾಠದಲ್ಲೇ ಉಂಟು.”

ಅವಳು ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ಹೋಗಿ ಮಂಚದ ಮೇಲೆ ಮಲಗಿದಳು. ಇಳಿಹೊತ್ತಿನ ಅಸರ್ ಬಾಂಗು ಕೂಗುವವರೆಗೆ ಏಳಲಿಲ್ಲ. ಅಷ್ಟು ಗಾಢವಾಗಿ ಅವಳು ಹಗಲು ಮಲಗಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸಂಜೆ ಪಕ್ಕದ ಮನೆಯವಳು ಬಂದಾಗ, ಅಂಥ ಜಾಗದಲ್ಲಿ ನಿದ್ದೆ ಬಂದುಬಿಡುತ್ತದಂತೆ, ನನ್ನ ಮಗಳು ವಿಜ್ಞಾನ ಕಲಿಸುವವಳು, ಅವಳೇ ಹೇಳಿದ್ದು ಎಂದು ಉಮ್ಮ ಅವಳಿಗೂ ಹೇಳಿದಳು. ಈಗ ಬರುವ ನೆಂಟರಿಗೂ ಅದನ್ನೇ ಹೇಳುತ್ತಾಳೆ, ನಾನು ಪಕ್ಕದಲ್ಲಿ ಕೂತು ತಲೆ ಆಡಿಸುತ್ತೇನೆ.

ನಿದ್ದೆ ಬರುವ ಮೊದಲು ಎದೆ ಗಾಳಿಗಾಗಿ ಎಷ್ಟು ಹೊತ್ತು ಒದ್ದಾಡುತ್ತದೆ ಎಂಬುದೂ ಅದೇ ಪಾಠದಲ್ಲಿ ಉಂಟು. ಉಮ್ಮ ಅದನ್ನು ಕೇಳಲಿಲ್ಲ.