ಮೂರು ಗುಡ್ಡೆ ಕಾಫಿ ಬೀಜ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವುದು ನನ್ನ ಕೆಲಸ. ಮುಂದೆ ಸುರಿದ ಬೀಜದಲ್ಲಿ ಕರಿಬೀಜ, ಒಡಕು, ಹುಳ ಕೊರೆದದ್ದನ್ನೆಲ್ಲ ಹೆಕ್ಕಿ ಬೇರೆ ಹಾಕಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದ್ದಕ್ಕೋ ಏನೋ, ಎಲ್ಲಿ ಹೋದರೂ ನನ್ನ ಕಣ್ಣಿಗೆ ಮೊದಲು ಬೀಳುವುದು ಕೆಟ್ಟದ್ದೇ. ಮದುವೆ ಮನೆಯಲ್ಲಿ ಪಾಯಸ ಬಡಿಸಿದರೂ ತಳ ಹಿಡಿದಿದೆಯಾ ಅಂತ ಮೂಸಿಯೇ ಬಾಯಿಗಿಡುತ್ತೇನೆ. ನನಗೆ ಮೋಸ ಮಾಡುವುದು ಸುಲಭವಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷ ಕೊಯ್ಲಿನ ಕೊನೆಗೆ ಅವ್ವನಿಗೆ ಲಕ್ವ ಹೊಡೆಯಿತು. ರೊಬಸ್ಟಾ ಗಿಡದ ಬುಡದಲ್ಲೇ ಕುಸಿದಳಂತೆ. ಬಿ.ಪಿ. ಮಾತ್ರೆಯನ್ನು ತಿಂಗಳಿನಿಂದ ಬಿಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾಲು ಎಳೆದುಕೊಂಡು ನಡೆಯುತ್ತಿದ್ದಳು, ಮಾತು ತೊದಲುತ್ತಿತ್ತು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದಲ್ಲೇ ಬಿದ್ದಿರುತ್ತಿತ್ತು. ಎರಡೂ ಕೈಯಲ್ಲಿ ಹಣ್ಣು ಕೊಯ್ಯುತ್ತಿದ್ದವಳು ಅವಳು. ಅವಳ ಸಾಲು ಮುಗಿದ ಮೇಲೆ ಪಕ್ಕದವರ ಸಾಲಿಗೂ ಕೈ ಹಾಕುತ್ತಿದ್ದಳು. ಆ ಕೈ ವಾಪಸ್ ಬರುತ್ತದೋ ಇಲ್ಲವೋ ಎಂದು ನಾನು ದಿನಾ ಅದನ್ನೇ ನೋಡುತ್ತಿದ್ದೆ.

ಕೈಯ ಜೊತೆಗೆ ಇನ್ನೊಂದು ಚಿಂತೆ ಅಂಟಿಕೊಂಡಿತ್ತು. ನಾವಿರುವುದು ಆಲ್ದೂರಿನಿಂದ ಒಳಗೆ ಒಂದು ಎಸ್ಟೇಟಿನ ಲೈನಿನಲ್ಲಿ, ಆಳುಗಳಿಗೆಂದು ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳಲ್ಲಿ. ಅಲ್ಲಿ ಕೆಲಸಕ್ಕಿದ್ದವಳು ಅವ್ವ. ನಾನು ದಿನಾ ಬಸ್ಸು ಹತ್ತಿ ಪೇಟೆಗೆ ಹೋಗುವವಳು, ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ. ಅವ್ವನಿಂದ ಇನ್ನು ಕೆಲಸ ಆಗುವುದಿಲ್ಲ ಅಂತ ಆದರೆ ಮನೆ ಯಾರದ್ದು? ಇದನ್ನು ನಾನು ಯಾರಲ್ಲೂ ಕೇಳಲಿಲ್ಲ. ಕೇಳಿದರೆ ಮರೆತವರಿಗೆ ನೆನಪು ಮಾಡಿಕೊಟ್ಟ ಹಾಗಾಗುತ್ತದೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಎಸ್ಟೇಟಿನ ರೈಟರು ಒಬ್ಬ ಹೆಂಗಸನ್ನು ನಮ್ಮ ಬಾಗಿಲಿಗೆ ಕರೆದುಕೊಂಡು ಬಂದರು. ಲೆಕ್ಕ, ಹಾಜರಿ ನೋಡುವ ಮನುಷ್ಯ. ಕಾರಣವಿಲ್ಲದೆ ಲೈನಿನ ಕಡೆ ತಲೆ ಹಾಕುವವರಲ್ಲ. ಹೆಂಗಸು ಇನ್ನೂ ಚಿಕ್ಕ ವಯಸ್ಸಿನವರು, ಬಯಲುಸೀಮೆ ಕಡೆಯ ಮಾತು, ಹೆಗಲಿಗೆ ದೊಡ್ಡ ಚೀಲ.

"ಇವ್ರು ಆಸ್ಪತ್ರೆ ಕಡೆಯಿಂದ ಬಂದವ್ರು. ನಿಮ್ಮವ್ವನ್ನ ನೋಡ್ತಾರಂತೆ" ಎಂದು ರೈಟರು ಹೊರಟುಹೋದರು.

"ನಮಸ್ಕಾರ ಅಕ್ಕಾ, ನಾನು ಔಷಧಿ ಕೊಡೋಳಲ್ಲ" ಎಂದರು ಆಕೆ. "ಅಮ್ಮ ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಹಂಗೆ ಅಭ್ಯಾಸ ಮಾಡಿಸ್ತೀನಿ. ಊಟ, ಸ್ನಾನ, ಸೀರೆ ಉಡೋದು. ವಾರಕ್ಕೊಂದ್ಸಲ ಬರ್ತೀನಿ."

ಅತಿ ವಿನಯ ಧೂರ್ತ ಲಕ್ಷಣ ಅನ್ನುತ್ತಾರೆ. ಔಷಧಿ ಇಲ್ಲ, ಇಂಜೆಕ್ಷನ್ ಇಲ್ಲ, ಭಾನುವಾರ ಬೇರೆ. ಭಾನುವಾರ ಯಾವ ಆಸ್ಪತ್ರೆಯವರು ಮನೆಮನೆಗೆ ಬರುತ್ತಾರೆ? "ನಿಮಗೆ ರಜೆ ಇರೋ ದಿನ ನೋಡಿಯೇ ಬಂದೆ, ಮನೇಲಿ ನೋಡ್ಕೊಳ್ಳೋರು ಇರಬೇಕಲ್ಲ" ಎಂದರು. ನನಗೆ ಯಾವತ್ತು ರಜೆ ಅಂತ ಇವರಿಗೆ ಹೇಳಿದವರು ಯಾರು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಚಾಪೆ ಹಾಸಿದೆ.

ಆಕೆ ಕೇಳಿದ ಪ್ರಶ್ನೆಗಳೂ ಹಾಗೇ ಇದ್ದವು. ಅಮ್ಮ ಮೊದಲು ಏನು ಕೆಲಸ ಮಾಡುತ್ತಿದ್ದರು, ದಿನಕ್ಕೆ ಎಷ್ಟು ಹೊತ್ತು, ಯಾವ ಕೈಯಲ್ಲಿ, ಈಗ ತಲೆ ಬಾಚುವವರು ಯಾರು. ಎಲ್ಲ ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ಚೀಲದಿಂದ ಟೇಪು ತೆಗೆದು ನಮ್ಮ ಬಾಗಿಲಿನ ಅಗಲ ಅಳೆದರು, ಬಚ್ಚಲಿನ ಮೆಟ್ಟಿಲಿನ ಎತ್ತರ ಅಳೆದರು, ಮಂಚದಿಂದ ಬಚ್ಚಲಿಗೆ ಎಷ್ಟು ದೂರ ಅಂತ ಅಳೆದರು.

ಕೊಟ್ಟಿಗೆಹಾರದ ಕಡೆ ಒಂದು ಎಸ್ಟೇಟಿನಲ್ಲಿ ಹಳೇ ಲೈನು ಖಾಲಿ ಮಾಡಿಸಿ, ಬಣ್ಣ ಬಳಿದು, ಬೆತ್ತದ ಕುರ್ಚಿ ಹಾಕಿ ಹೋಂಸ್ಟೇ ಮಾಡಿದ್ದರು. ಅಲ್ಲಿಗೂ ಮೊದಲು ಬಂದದ್ದು ಟೇಪು ಹಿಡಿದವರೇ ಅಂತ ಬಸ್ಸಿನಲ್ಲಿ ಕೇಳಿದ್ದೆ. ಈಗ ನನಗೆ ಎಲ್ಲ ಸ್ಪಷ್ಟವಾಯಿತು. ಅವ್ವನ ಕೈ ಕೆಲಸಕ್ಕೆ ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಲು ಎಸ್ಟೇಟಿನವರು ಇವರನ್ನು ಕಳಿಸಿದ್ದಾರೆ. ಬರುವುದಿಲ್ಲ ಅಂತ ಫೈಲಿನಲ್ಲಿ ಬಿದ್ದ ದಿನ ನಮ್ಮ ಪಾತ್ರೆ ಪಗಡ ಅಂಗಳಕ್ಕೆ.

ಎರಡನೇ ಭಾನುವಾರ ಆಕೆ ಒಂದು ಪೊಟ್ಟಣ ಬಿಚ್ಚಿ ತಟ್ಟೆಗೆ ಕಾಫಿ ಬೀಜ ಸುರಿದರು.

"ಅಮ್ಮ, ಎಡಗೈ ಮಡಿಲಲ್ಲೇ ಇರ್ಲಿ. ಬಲಗೈಲಿ ಕರಿಬೀಜ ಮಾತ್ರ ತೆಗೆದು ಈ ಬಟ್ಟಲಿಗೆ ಹಾಕಿ. ದಿನಾ ಅರ್ಧ ಗಂಟೆ. ಬೀಳ್ಲಿ, ಚೆಲ್ಲಲಿ, ಪರವಾಗಿಲ್ಲ."

"ಬೀಜ ಎಲ್ಲಿಂದ ತಂದ್ರಿ ಮೇಡಂ?" ಎಂದು ಕೇಳಿದೆ.

"ರೈಟರ ಹತ್ರ ಕೇಳಿ ತಗೊಂಡೆ. ಅಮ್ಮನಿಗೆ ಗೊತ್ತಿರೋ ವಸ್ತುನೇ ಇರ್ಲಿ ಅಂತ."

ಇನ್ನೇನು ಸಾಕ್ಷಿ ಬೇಕು? ನನ್ನನ್ನು ಹೊರಗೆ ಕರೆದು ಆಕೆ ಇನ್ನೊಂದು ಮಾತೂ ಹೇಳಿದರು. ಅವ್ವನಿಗೆ ನಾನು ತುತ್ತು ಕೊಡಬಾರದಂತೆ. ತಿನ್ನಿಸಿದಷ್ಟೂ ಕೈ ತನ್ನ ಕೆಲಸ ಮರೆಯುತ್ತದಂತೆ. ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿ ಗಲ್ಲಕ್ಕೆ ಕೈ ಹಚ್ಚಿದರು. ನಾನು ಪೇಟೆಗೆ ಹೋದಾಗ ಅವ್ವನ ಜೊತೆ ಕೂರುವವರು ಅವರೇ. "ಎಂತ ಮಾರಾಯ್ತಿ, ಹೆತ್ತವಳಿಗೆ ಉಣ್ಸಬೇಡ ಅಂತ ಹೇಳೋ ಡಾಕ್ಟ್ರನ್ನ ನಾನು ಎಲ್ಲೂ ಕಂಡಿಲ್ಲ" ಎಂದರು. ನನಗೆ ಅಜ್ಜಿಯ ಮಾತೇ ಸರಿ ಕಂಡಿತು. ಅನ್ನ ಕಲಸಿ ಮೊದಲಿನ ಹಾಗೇ ತಿನ್ನಿಸಿದೆ.

ಬುಧವಾರ ಸಂಜೆ ಕೆಲಸದಿಂದ ಬಂದಾಗ ಕರಿಬೀಜ ನೆಲದ ಮೇಲೆಲ್ಲ ಚೆಲ್ಲಿತ್ತು. ಬಟ್ಟಲಿನಲ್ಲಿ ನಾಲ್ಕೋ ಐದೋ ಇದ್ದವು. ಅವ್ವ ಮಂಚದ ಮೇಲೆ ಕೂತು ನೆಲ ನೋಡುತ್ತಿದ್ದಳು, ಹಣೆಯಲ್ಲಿ ಬೆವರು. ಇದನ್ನು ಆ ಮೇಡಂ ನೋಡಿದರೆ ಮುಗಿಯಿತು ನಮ್ಮ ಕಥೆ ಅನಿಸಿತು. ನೆಲದ ಮೇಲಿನದನ್ನು ಬಳಿದು ತಟ್ಟೆ ಮುಂದಿಟ್ಟುಕೊಂಡು ಕೂತೆ. ನನಗೆ ಅದು ಹತ್ತು ನಿಮಿಷದ ಕೆಲಸ. ಆದರೂ ನಾನೇನು ದಡ್ಡಿಯಲ್ಲ, ಮೊದಲ ವಾರ ಅರ್ಧ ಮಾತ್ರ ಆರಿಸಿ ಉಳಿದದ್ದು ಬಿಟ್ಟೆ. ಕೈ ನಿಧಾನಕ್ಕೆ ಬರ್ತಾ ಇದೆ, ಇನ್ನೊಂದು ವರ್ಷ ಕಾಯೋಣ ಅಂತ ಎಸ್ಟೇಟಿನವರಿಗೆ ಅನಿಸಬೇಕು, ಅಷ್ಟೇ.

"ಅವ್ವ, ಕೇಳಿದ್ರೆ ನೀನೇ ಆರ್ಸಿದ್ದು ಅನ್ನು" ಎಂದೆ.

ಅವ್ವ ನನ್ನ ಬೆರಳುಗಳನ್ನು ನೋಡಿದಳು.

ಭಾನುವಾರ ಆಕೆ ತಟ್ಟೆ ನೋಡಿ ಖುಷಿಪಟ್ಟರು. ಹೀಗೆ ವಾರ ವಾರಕ್ಕೂ ನಾನು ಸ್ವಲ್ಪ ಸ್ವಲ್ಪ ಜಾಸ್ತಿ ಆರಿಸುತ್ತಾ ಹೋದೆ, ಫೈಲು ತುಂಬುತ್ತಾ ಹೋಯಿತು. ಎರಡೇ ವಾರಕ್ಕೆ ನೆಲದ ಮೇಲೆ ಬೀಜ ಚೆಲ್ಲುವುದು ನಿಂತಿತು. ಅವ್ವ ತಟ್ಟೆಯನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ನನಗೆ ಅದು ಅನುಕೂಲವೇ ಆಯಿತು, ಗುಡಿಸುವ ಕೆಲಸ ತಪ್ಪಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆದರೆ ಆಕೆ ಪ್ರತಿ ಸಲ ಅವ್ವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು "ಒತ್ತಿ ಅಮ್ಮ, ಒತ್ತಿ" ಅನ್ನುತ್ತಿದ್ದರು. ಒತ್ತಿಸಿಕೊಂಡ ಮೇಲೆ ಅವರ ಮುಖ ಸಣ್ಣದಾಗುತ್ತಿತ್ತು. "ಬೀಜ ಇಷ್ಟು ಚೆನ್ನಾಗಿ ಆರಿಸ್ತಾರೆ, ಹಿಡಿತ ಯಾಕೆ ಹಿಂಗಿದೆ?" ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ.

ನಡುವೆ ಒಮ್ಮೆ ಆಕೆ ಅಂಗನವಾಡಿಯಲ್ಲಿ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆಲ್ಲ ಒಂದು ಸಭೆ ಮಾಡಿದರು. ಬಿ.ಪಿ. ಮಾತ್ರೆ ಬಿಡಬಾರದು, ಎಬ್ಬಿಸುವಾಗ ರಟ್ಟೆ ಹಿಡಿದು ಎಳೆಯಬಾರದು ಅಂತ ಹೇಳಿಕೊಟ್ಟರು. ಕೊನೆಗೆ ನಮ್ಮಲ್ಲಿ ಅರ್ಧ ಜನಕ್ಕೆ ಟವೆಲಿನಲ್ಲಿ ಬಲಗೈ ಕಟ್ಟಿ, ಉಳಿದವರು ನಮಗೆ ಅವಲಕ್ಕಿ ತಿನ್ನಿಸಬೇಕು ಎಂದರು. ಹೆಂಡತಿಯನ್ನು ನೋಡಿಕೊಳ್ಳುವ ಒಬ್ಬ ಮುದುಕರು ನನಗೆ ತಿನ್ನಿಸಿದರು. ಬಾಯಲ್ಲಿದ್ದದ್ದು ಇಳಿಯುವ ಮೊದಲೇ ಇನ್ನೊಂದು ಚಮಚ, ಕೇಳದೆ ಗಲ್ಲ ಒರೆಸುವುದು. ನನಗೆ ಅಳು ಬರುವಷ್ಟು ಕೋಪ ಬಂತು. ಇದೆಲ್ಲ ನಮ್ಮನ್ನು ಆಡಿಸಿ ನೋಡುವ ಆಟ ಅಂದುಕೊಂಡೆನೇ ಹೊರತು, ದಿನಾ ಎರಡು ಹೊತ್ತು ಅವ್ವನಿಗೆ ಏನಾಗುತ್ತಿರಬಹುದು ಅಂತ ತಲೆಗೆ ಹೋಗಲಿಲ್ಲ.

ನಾನು ಸಿಕ್ಕಿಬಿದ್ದದ್ದು ನನ್ನ ಕೈಚಳಕದಿಂದಲೇ. ಒಂದು ಶನಿವಾರ ಕ್ಯೂರಿಂಗಿನಲ್ಲಿ ಬೆಳಿಗ್ಗೆಯಿಂದ ಪೀಬೆರಿ ಬೇರೆ ಮಾಡಿದ್ದೆವು. ಕಾಯೊಳಗೆ ಎರಡು ಬೀಜದ ಬದಲು ಒಂದೇ ಬೆಳೆದು ಗುಂಡಗಾದದ್ದು ಅದು. ಮನೆಗೆ ಬಂದು ಅವ್ವನ ತಟ್ಟೆ ಎಳೆದುಕೊಂಡೆ. ತಲೆ ಎಲ್ಲೋ, ಬೆರಳು ಎಲ್ಲೋ, ಕರಿಯದನ್ನು ಬಟ್ಟಲಿಗೆ ಹಾಕುವುದೂ ಮರೆಯಿತು. ಮರುದಿನ ಆಕೆ ಬಂದು ತಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಬೀಜ ಎರಡು ಗುಡ್ಡೆಯಾಗಿರಲಿಲ್ಲ, ಮೂರು ಗುಡ್ಡೆಯಾಗಿತ್ತು. ಒಳ್ಳೆಯದು, ಕರಿಯದು, ಮೂಲೆಯಲ್ಲಿ ಯಾರೂ ಹೇಳದಿದ್ದ ಪೀಬೆರಿ. ಒಂದು ಕಾಳೂ ಹೆಚ್ಚುಕಡಿಮೆ ಇಲ್ಲ.

ಆಕೆ ಗುಡ್ಡೆ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಅವ್ವನ ಪಕ್ಕ ಕೂತು ಮೆತ್ತಗೆ ಕೇಳಿದರು.

"ಅಮ್ಮ, ಇದನ್ನ ಯಾರು ಆರಿಸಿದ್ದು?"

"ಮಗಳು" ಎಂದಳು ಅವ್ವ. ಇಷ್ಟು ದಿನದಲ್ಲಿ ಅವಳು ಅಷ್ಟು ಸ್ಪಷ್ಟವಾಗಿ ಆಡಿದ ಮಾತು ಅದೊಂದೇ.

ನಾನು ಸುಮ್ಮನಿರಬೇಕಿತ್ತು. ಬದಲಿಗೆ ಆಕೆಯ ಮೇಲೇ ಹರಿಹಾಯ್ದೆ. "ನೀವು ಎಸ್ಟೇಟಿನೋರು ಕಳ್ಸಿದೋರಲ್ವಾ? ಮನೆ ಎಂತಕ್ಕೆ ಅಳೆದ್ರಿ? ನಮ್ಮನ್ನ ಏಳ್ಸೋದಾದ್ರೆ ಎದ್ರಿಗೇ ಹೇಳಿ!"

ಆಕೆ ಗಾಬರಿಯಿಂದ ಫೈಲನ್ನೇ ನನ್ನ ಮುಂದೆ ತೆರೆದಿಟ್ಟರು. ಅದರಲ್ಲಿ ನಮ್ಮ ಬಚ್ಚಲಿನ ಚಿತ್ರವಿತ್ತು. ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಎಲ್ಲಿ ಹಾಕಬೇಕು, ಮೆಟ್ಟಿಲನ್ನು ಎಷ್ಟು ತಗ್ಗಿಸಬೇಕು ಅಂತ ಗೆರೆ ಎಳೆದಿದ್ದರು. ದಾರಿ ಗೊತ್ತಿಲ್ಲದ್ದಕ್ಕೆ ರೈಟರನ್ನು ಕೇಳಿದ್ದಂತೆ, ನನ್ನ ರಜೆಯ ದಿನ ಹೇಳಿದ್ದೂ ಅವರೇ ಅಂತೆ. ಮನೆ ಯಾರ ಹೆಸರಿನಲ್ಲಿದೆ ಅಂತಲೇ ಆಕೆಗೆ ಗೊತ್ತಿರಲಿಲ್ಲ.

"ಮೊದಲ ತಿಂಗಳುಗಳೇ ಮುಖ್ಯ ಅಕ್ಕ. ಆಗ ಕಲಿತಷ್ಟು ಬೇಗ ಆಮೇಲೆ ಕಲಿಯಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. "ಇವತ್ತಿಂದ ಶುರು ಮಾಡೋಣ" ಎಂದು ಹೊಸ ಹಾಳೆ ತೆಗೆದರು.

ಆಮೇಲೆ ರೈಟರನ್ನು ಹಿಡಿದು ಮನೆಯ ವಿಷಯ ನೇರವಾಗಿಯೇ ಕೇಳಿದೆ. "ನಿಮ್ಮವ್ವ ಇರೋವರೆಗೂ ಯಾರೂ ಏಳ್ಸಲ್ಲ ಮಾರಾಯ್ತಿ" ಎಂದರು. ಬಾಯಲ್ಲಿ ಹೇಳಿದರು, ಕಾಗದದಲ್ಲಿ ಅಲ್ಲ. ಅದನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ. ಅವ್ವನ ಕೈ ಅರ್ಧ ಬಂದಿದೆ. ಲೋಟ ಹಿಡಿಯುತ್ತಾಳೆ, ಮುಖ ತೊಳೆಯುತ್ತಾಳೆ. ಸೀರೆಯ ನೆರಿಗೆ ಹಿಡಿಯಲು ಆಗುವುದಿಲ್ಲ. ನಾನು ತಿಂದುಹಾಕಿದ ಆ ವಾರಗಳು ಇದ್ದಿದ್ದರೆ ಆಗುತ್ತಿತ್ತೋ ಏನೋ, ಕೇಳುವ ಧೈರ್ಯ ನನಗಿಲ್ಲ.

ಸಿಕ್ಕಿಬಿದ್ದ ಆ ಭಾನುವಾರ ಆಕೆ ಹೋದ ಮೇಲೆ ನಾನು ಎಂದಿನಂತೆ ಅನ್ನ ಕಲಸಿ ಅವ್ವನ ಮುಂದೆ ಕೂತೆ. ಅವ್ವ ಬಾಯಿ ತೆರೆಯಲಿಲ್ಲ.

"ಕೈ ಬರಲ್ಲ ಅಂತ... ಆಸ್ಪತ್ರೇಲಿ ನಿಂಗೆ ಹೇಳಿದ್ರಲ್ಲ?" ಎಂದು ಒಂದೊಂದೇ ಮಾತು ಕೂಡಿಸಿ ಕೇಳಿದಳು.

"ಇಲ್ಲವ್ವ, ಯಾರೂ ಹಂಗೆ ಹೇಳ್ಲಿಲ್ಲ."

"ಸುಳ್ಳು."

"ನಿನ್ನಾಣೆಗೂ ಹೇಳ್ಲಿಲ್ಲ."

ಅವ್ವ ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ಬೇರೆಯವರನ್ನು ಹೇಗೆ ನೋಡುತ್ತೇನೋ ಹಾಗೇ ನೋಡಿದಳು.

"ಮತ್ತೆ ನೀ ಎಂತಕ್ಕೆ ಆರಿಸ್ತಿದ್ದೆ? ನಿಂಗೆ ಗೊತ್ತಾಗಿದೆ, ನಂಗೆ ಹೇಳ್ತಿಲ್ಲ ಅಂತ... ನಾನು ಬಿಟ್ಟೆ."

ಮನೆ ಹೋಗುತ್ತದೆ ಅಂತ ಹೆದರಿ ಮಾಡಿದೆ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವ್ವ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತಟ್ಟೆಯ ಅಂಚಿಗೆ ಇಟ್ಟುಕೊಂಡಳು. ನಾನು ಮುಂದೆ ಬಾಗಿದೆ.

"ನೀ ಆಚೆ ಕೂತ್ಕ" ಎಂದಳು. "ನೋಡ್ಬೇಡ."

ಜಗಲಿಗೆ ಬಂದು ಬಾಗಿಲಿಗೆ ಬೆನ್ನು ಹಾಕಿ ಕೂತೆ. ಒಳಗೆ ತಟ್ಟೆ ನೆಲಕ್ಕೆ ತಾಗಿ ಸದ್ದಾಯಿತು, ಏನೋ ಚೆಲ್ಲಿತು, ಅವ್ವ ಉಸಿರು ಬಿಗಿಹಿಡಿದು ಮತ್ತೆ ಬಿಟ್ಟದ್ದು ಕೇಳಿಸಿತು. ಎದ್ದು ಹೋಗುವ ಹಾಗಾಯಿತು. ಹೋಗಲಿಲ್ಲ, ತಿರುಗಿಯೂ ನೋಡಲಿಲ್ಲ.