ಬುತ್ತಿಯ ರೊಟ್ಟಿ

ಬೆಳಿಗ್ಗೆ ಬೈಕುಗಳೆಲ್ಲ ಬನ್ನೇರುಘಟ್ಟ ರಸ್ತೆಗೆ ಇಳಿದುಹೋದ ಮೇಲೆ ಗೊಟ್ಟಿಗೆರೆಯ ಆ ಬಡಾವಣೆಯಲ್ಲಿ ಉಳಿಯುವುದು ಹೆಂಗಸರು, ನೀರಿನ ಟ್ಯಾಂಕರು, ನೆನೆಹಾಕಿದ ಬಟ್ಟೆ. ಗಂಡಸರಿಗೆ ಅದು ಮಲಗಿ ಎದ್ದುಹೋಗುವ ಜಾಗ. ದಾನಮ್ಮನಿಗೆ ಹಾಗಲ್ಲ. ಗಂಡ ಮೌನೇಶನ ಆಫೀಸು ಬಿಟಿಎಂನಲ್ಲಿ. ಅವರ ಬಾಡಿಗೆ ಮನೆಯನ್ನು ಯಾದಗಿರಿ ಕಡೆಯ ನೆಂಟರೆಲ್ಲ ‘ನಮ್ಮ ಬೆಂಗಳೂರು ಮನಿ’ ಎನ್ನುತ್ತಾರೆ. ಪರೀಕ್ಷೆ ಬರೆಯುವವರು, ಹಲ್ಲು ಕೀಳಿಸುವವರು, ಸುಮ್ಮನೆ ಮೆಟ್ರೊ ನೋಡುವವರು ಎಲ್ಲರೂ ಅಲ್ಲಿಗೇ. ಬಂದವರಿಗೆ ಬಿಸಿ ರೊಟ್ಟಿಯೇ ಆಗಬೇಕು. ಅವರು ಉಣ್ಣುತ್ತಿರಬೇಕು, ಇವಳು ಬಡಿಬಡಿದು ಹಂಚಿನಿಂದ ನೇರ ತಾಟಿಗೆ ಹಾಕುತ್ತಿರಬೇಕು.

ಈ ಸಲ ಬಂದವನು ಮೌನೇಶನ ಸೋದರಮಾವ ಲಕ್ಕಪ್ಪ, ಕಣ್ಣು ತೋರಿಸಲು. ಅದೇ ವಾರ ದಾನಮ್ಮನಿಗೆ ತಿಲಕ್ ನಗರದ ಶಿಶುವಿಹಾರವೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಮದುವೆಗೆ ಮುಂಚೆ ಮಾಡಿದ ಟ್ರೈನಿಂಗಿಗೆ ಈಗ ಬಂದ ಮೊದಲ ಕರೆ. ಸೋಮವಾರ ಒಂಬತ್ತಕ್ಕೆ ಅಲ್ಲಿರಬೇಕು. ಭಾನುವಾರವಿಡೀ ಕೂತು ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಬಡಿದು, ಒಣಗಿಸಿ, ತಾಟಿಡುವ ಅಡ್ಡಣಿಗೆಯೆತ್ತರ ಪೇರಿಸಿದಳು.

ಬೆಳಿಗ್ಗೆ ತಾಟು ನೋಡಿದ ಲಕ್ಕಪ್ಪ ಕೈ ಹಿಂದೆಗೆದ.

“ಏನವಾ, ಬುತ್ತಿ ಕಟ್ಟೀಯೇನು?”

“ಇಲ್ಲ ಮಾವಾ, ಇವತ್ತ ನಾ ಕೆಲಸಕ್ಕ…”

ಲಕ್ಕಪ್ಪ ಪಕ್ಕದಲ್ಲಿದ್ದ ಮೌನೇಶನತ್ತ ತಿರುಗಿದ. “ಹೋಗು ಅಂತ ಬಾಯಿಬಿಟ್ಟು ಹೇಳಿದ್ರ ಹೋಗ್ತಿದ್ದೆ ಮೌನ್ಯಾ. ಹಿಂಗ ತಾಟಿನ್ಯಾಗ ಹೇಳಬಾರದಿತ್ತು.”

ಆ ಮನೆತನದಲ್ಲಿ ಕಟಕ ರೊಟ್ಟಿಯನ್ನು ನೆಂಟರು ಹೊರಡುವ ದಿನ ಗಂಟುಕಟ್ಟಿ ಕೊಡುತ್ತಾರೆ, ಕೂತವರ ಮುಂದೆ ಇಡುವುದಿಲ್ಲ. ಬಸ್ಸಿನ ಚಿಂತೆಯಲ್ಲಿ ದಾನಮ್ಮ ಮರೆತಿದ್ದಳು. ಲಕ್ಕಪ್ಪ ಬ್ಯಾಗಿಗೆ ಕೈಹಾಕಿದ.

“ನಾಕು ರೊಟ್ಟಿ ಬಡದು ಹೋಗ. ಎಷ್ಟೊತ್ತಿನ ಮಾತದು?” ಮೌನೇಶ ಪಿಸುಗುಟ್ಟಿದ.

ನೀರು ಕುದಿಯಬೇಕು, ಹಿಟ್ಟು ನಾದಬೇಕು, ಹಂಚು ಕಾಯಬೇಕು. ಎಷ್ಟೊತ್ತಿನ ಮಾತೆಂದು ಅವನು ಯಾವತ್ತಾದರೂ ಒಲೆಯ ಮುಂದೆ ನಿಂತು ನೋಡಿದ್ದರೆ ತಾನೆ? ನಾಲ್ಕು ಆರಾಯಿತು, ಮೊಸರು ಬೇಕಾಯಿತು. ಸೆರಗಿನ ಹಿಟ್ಟು ಕೊಡವುತ್ತ ಓಡಿದರೆ ಬಸ್ಸು ಸಿಗ್ನಲ್ ಸಿಗ್ನಲ್‌ನಲ್ಲೂ ನಿಂತಿತು.

“ಹೊಸ ಟೀಚರನ್ನ ನೋಡೋಕೆ ಬಂದ ಪೇರೆಂಟ್ಸ್ ಎಲ್ಲ ಕಾದು ಕಾದು ಹೋದ್ರು ದಾನಮ್ಮಾ,” ಎಂದಳು ಶಿಶುವಿಹಾರ ನಡೆಸುವ ಪ್ರಿಯಾಂಕಾ. “ಫಸ್ಟ್ ಡೇನೇ ಹಿಂಗಾದ್ರೆ ಹೆಂಗೆ? ನಾಳೆ ಒಂದಿನ ನೋಡ್ತೀನಿ, ಅಷ್ಟೇ.”

ಸಂಜೆ ಮೌನೇಶನ ಮುಖ ಅರಳಿತ್ತು. “ಮಾವನ ಸಿಟ್ಟು ಇಳಿಸೀನಿ. ಟಿಕೆಟ್ ಕ್ಯಾನ್ಸಲ್. ಅಮಾಸಿ ತನಕ ಇಲ್ಲೇ ಇರ್ತಾರ.”

“ನಾಳೆ ನಾ ಏಳೂವರಿಗೆ ಮನಿ ಬಿಡಬೇಕು. ಹೇಳು ಅವ್ರಿಗೆ.”

“ಈಗ ಬ್ಯಾಡ, ಮತ್ತ ಮುನಿಸ್ಕೋತಾರ.”

ಅವಳೇ ಹೋಗಿ ಹೇಳಿದಳು.

“ಹೋಗವಾ, ಯಾರ್ ಬ್ಯಾಡಂತಾರ?” ಎಂದ ಲಕ್ಕಪ್ಪ ಧಾರಾಳವಾಗಿ. “ಈಗಿನ ಕಾಲದಾಗ ಹೆಣ್ಮಕ್ಳು ದುಡೀಬೇಕು. ಮಧ್ಯಾಹ್ನಕ್ಕ ರೊಟ್ಟಿ ಮಾಡಿಟ್ಟು ಹೋಗು, ಸಾಕು. ಬಿಸೀವು.”

“ಮುಂಜಾನಿ ಬಡದದ್ದು ಮಧ್ಯಾಹ್ನಕ್ಕ ಹೆಂಗ ಬಿಸಿ ಇರ್ತಾವ ಮಾವಾ?”

“ದೊಡ್ಡದೊಂದು ಹಾಟ್‌ಬಾಕ್ಸ್ ತರ್ತೀನಿ ಬಿಡು,” ಎಂದ ಮೌನೇಶ, ಸಮಸ್ಯೆ ಬಗೆಹರಿಸಿದವನ ಹಾಗೆ.

“ಅದರಾಗ ಹಾಕೋ ರೊಟ್ಟಿ ನೀ ಬಡೀತೀ?”

ಇಬ್ಬರೂ ಟಿವಿಯತ್ತ ತಿರುಗಿದರು.

ಮರುದಿನ ದಾನಮ್ಮ ಒಲೆ ಹಚ್ಚಲಿಲ್ಲ. ಹಿಟ್ಟಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬಸ್ಸು ಹತ್ತಿದಳು. ಮೌನೇಶನ ಕರೆಗಳಿಗೆ ಅವಳ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತರೂ ಇಂದು ಹೊತ್ತಿತ್ತು. ಆದರೆ ಸಂಜೆ ಇಳಿಯಬೇಕಾದದ್ದು ಅದೇ ಗೊಟ್ಟಿಗೆರೆಯ ಸ್ಟಾಪಿನಲ್ಲಿ, ಅಮಾವಾಸ್ಯೆ ಇನ್ನೂ ದೂರವಿತ್ತು.